ಅಂಗಳ ಆರುವವರೆಗೆ

ಮನುಷ್ಯ ನಾಗರಿಕನಾದದ್ದು ನಡೆಯಲು ಕಲಿತಾಗ ಅಲ್ಲ, ನಡೆಯದೆ ನಿಲ್ಲಲು ಕಲಿತಾಗ ಎಂಬುದು ನನ್ನ ದೃಢವಾದ ಅಭಿಪ್ರಾಯ. ದಾಟಬೇಡ ಎಂದ ಗೆರೆಯ ಈಚೆ ತಡೆದು ನಿಲ್ಲುವುದರಲ್ಲಿ ಧರ್ಮವಿದೆ, ಕಾನೂನಿದೆ, ರಾಜ್ಯವಿದೆ. ಈ ಗಂಭೀರ ಸತ್ಯ ಹೊಳೆದ ಹೊತ್ತಿಗೆ ನಾನು ಹಾವೇರಿಯಲ್ಲಿ ನನ್ನದೇ ಮನೆಯ ಗೇಟಿನ ಹೊರಗೆ, ಪಕ್ಕದ ಮನೆಯವರ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಪಕ್ಕದ ಮನೆಯವರದೇ ಲುಂಗಿ ಉಟ್ಟು ಕೂತಿದ್ದೆ. ಮನೆಯ ಕೀಲಿ ಅಂಗಿಯ ಜೇಬಿನಲ್ಲಿತ್ತು. ಒಳಗೆ ಹೋಗುವ ಅಧಿಕಾರ ಮಾತ್ರ ಇರಲಿಲ್ಲ.

ಇದು ಈಗ ನೆನಪಾಗಲು ಕಾರಣ ಒಂದು ಗೇಣುದ್ದದ ಹಳದಿ ಪ್ಲಾಸ್ಟಿಕ್ ಪಟ್ಟಿ. ಗೇಟಿನ ಸರಳಿಗೆ ಗಂಟು ಹಾಕಿದ್ದು, ಬಿಚ್ಚಲು ಬಾರದೆ ಅಲ್ಲಿಯೇ ಉಳಿದಿದೆ. ಇವತ್ತು ಮುಂಜಾನೆ ಹಾಲಿನವನು ಅದನ್ನು ಎಳೆದು ನೋಡಿ, "ಸಾಹೇಬ್ರ, ಇನ್ನೂ ಒಳಗ ಬರಾಕ ಪರವಾನಗಿ ಇಲ್ಲೇನ್ರಿ?" ಎಂದು ಕೇಳಿದ. ಇದೆ ಅಂದೆ. ಆದರೂ ಅವನು ಚಪ್ಪಲಿ ಬಿಟ್ಟೇ ಒಳಗೆ ಬಂದ. ಆ ಎರಡು ದಿನಗಳ ಭಯ ನಮ್ಮ ಓಣಿಯಿಂದ ಇನ್ನೂ ಪೂರ್ತಿ ಹೋಗಿಲ್ಲ.

ಕಥೆ ಶುರುವಾಗುವುದು ಶಾಬಾದಿ ಕಲ್ಲಿನಿಂದ. ಗೇಟಿನಿಂದ ಬಾಗಿಲವರೆಗೆ ನಮ್ಮ ಅಂಗಳಕ್ಕೆ ಹಿಂದಿನ ಮಾಲೀಕರು ಹಾಸಿದ್ದ ಕಲ್ಲು. ಬೇಸಿಗೆಯಲ್ಲಿ ಅದರಷ್ಟು ಸಭ್ಯವಾದ ಕಲ್ಲಿಲ್ಲ. ಮಳೆಗಾಲ ಬಂತೆಂದರೆ ಹಸಿರು ಪಾಚಿ ಹೊದ್ದು, ನಡೆಯುವವರ ಪಾಪಪುಣ್ಯ ಪರೀಕ್ಷೆ ಮಾಡಲು ಕೂತುಬಿಡುತ್ತಿತ್ತು. ನನ್ನ ಹೆಂಡತಿ ಗಿರಿಜಾ ಪ್ರತಿ ವರ್ಷ ಹೇಳುವಳು, "ರೀ, ಈ ಕಲ್ಲು ತಗಸ್ರಿ. ಒಂದ ದಿನ ಯಾರರೆ ಬೀಳ್ತಾರ." ನಾನು ಪ್ರತಿ ವರ್ಷ ಹೇಳುತ್ತಿದ್ದೆ, "ಆತು, ದೀಪಾವಳಿ ಮುಗೀಲಿ." ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿ, ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಮುಂದಿನ ವಾಯಿದೆ ಬರೆಯುವುದು ನನಗೆ ಉಸಿರಾಟದ ಹಾಗೆ. ಹನ್ನೊಂದು ದೀಪಾವಳಿ ಮುಗಿದವು. ಕಲ್ಲು ಇದ್ದಲ್ಲೇ ಇತ್ತು.

ಹೋದ ಮಳೆಗಾಲದಲ್ಲಿ ಒಂದು ಮುಂಜಾನೆ ಗಿರಿಜಾ ಹೂ ಬಿಡಿಸಲು ಹೋದವಳು ಅದೇ ಕಲ್ಲಿನ ಮೇಲೆ ಬಿದ್ದಳು. ಮೊಣಕಾಲಿನ ಚಿಪ್ಪು ಒಡೆಯಿತು. ನಾನು ಓಡಿಹೋದಾಗ ಅವಳು ಮಲ್ಲಿಗೆಯ ಬುಟ್ಟಿಯನ್ನು ಎದೆಗವುಚಿಕೊಂಡು ಕೂತಿದ್ದಳು. ಒಂದು ಹೂ ಚೆಲ್ಲಿರಲಿಲ್ಲ. ಅಯ್ಯೋ ಅನ್ನಲಿಲ್ಲ, ಅಳಲಿಲ್ಲ. ನನ್ನ ಮುಖ ನೋಡಿ ಕೇಳಿದಳು:

"ದೀಪಾವಳಿ ಮುಗೀತೇನ್ರಿ?"

ನಾನು ಎಷ್ಟೋ ತೀರ್ಪುಗಳನ್ನು ಕೇಳಿದವನು. ಇಷ್ಟು ಚಿಕ್ಕ ತೀರ್ಪು ಕೇಳಿರಲಿಲ್ಲ. ಮೇಲ್ಮನವಿಗೆ ಅವಕಾಶವೂ ಇರಲಿಲ್ಲ.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಆಮೇಲೆ ಅಲ್ಲೇ ಮಗಳು ವಿದ್ಯಾಳ ಮನೆಯಲ್ಲಿ ಉಳಿದಳು. ವಾಕರ್ ಹಿಡಿದು ನಡೆಯಲು ಕಲಿತಳು. ಆದರೆ ಹಾವೇರಿಗೆ ಬರುವ ಮಾತು ಬಂದಾಗ ಒಂದೇ ಹಟ: "ಆ ಅಂಗಳ ಆಗೋತನಕ ನಾ ಬರಂಗಿಲ್ಲ. ಆ ಕಲ್ಲಿನ ಮ್ಯಾಲೆ ಮತ್ತ ಕಾಲ ಇಡೂ ಧೈರ್ಯ ನನಗಿಲ್ಲ." ಇದು ಸಿಟ್ಟಿನಿಂದ ಹೇಳಿದ್ದಾಗಿದ್ದರೆ ಸಹಿಸಬಹುದಿತ್ತು. ಅವಳು ನಾಚಿಕೆಯಿಂದ, ತನ್ನದೇ ತಪ್ಪು ಅನ್ನುವ ಹಾಗೆ ಹೇಳಿದಳು.

ಹೀಗೆ ಹನ್ನೆರಡನೆಯ ದೀಪಾವಳಿಗೆ ಕಾಯದೆ ನಾನು ಕಾರ್ಯೋನ್ಮುಖನಾದೆ.

ರಾಣೇಬೆನ್ನೂರಿನ ಮಾಲತೇಶ ಎಂಬ ಯುವಕನ ಪರಿಚಯವಾಯಿತು. ಗೋವಾದ ಹೋಟೆಲುಗಳ ಅಂಗಳ ಮಾಡಿ ಕೈ ಪಳಗಿಸಿಕೊಂಡು ಊರಿಗೆ ಮರಳಿದವನು. ಅವನ ವಿದ್ಯೆ ಹೀಗೆ: ಕಡಲೆಕಾಳಿನಷ್ಟು ಸಣ್ಣ ಸಣ್ಣ ಕಲ್ಲನ್ನು ರೆಸಿನ್ ಎಂಬ ಜೇನಿನಂಥ ಅಂಟಿನಲ್ಲಿ ಕಲಸಿ, ಕಾಂಕ್ರೀಟಿನ ಮೇಲೆ ಒಂದು ಬೆರಳು ದಪ್ಪ ಹರಡಿ, ಕರಣೆಯಿಂದ ನಯವಾಗಿ ಒತ್ತುವುದು. ಅಂಟು ಗಟ್ಟಿಯಾದ ಮೇಲೆ ನೋಡಿದರೆ ಚಿಕ್ಕಿ ಉಂಡೆಯನ್ನು ಚಪ್ಪಟೆ ಮಾಡಿ ಹಾಸಿದ ಹಾಗೆ ಕಾಣುತ್ತದೆ. "ಜಾರಂಗಿಲ್ರಿ ಸರ. ನೀರು ಮ್ಯಾಲೆ ನಿಂದ್ರಂಗಿಲ್ಲ, ಕಲ್ಲಿನ ಸಂದ್ಯಾಗ ಇಳದ, ಕೆಳಗಿನ ಇಳಿಜಾರ ಹಿಡದ ಗಟಾರಕ್ಕ ಹೋಗತೈತಿ. ಪಾಚಿ ಹೆಂಗ ಕಟ್ಟತೈತಿ ಹೇಳ್ರಿ?" ಎಂದ. ನನಗೆ ಬೇಕಾದದ್ದೂ ಅಷ್ಟೇ. ಕಲ್ಲು ಕೀಳಿಸಿದೆ. ಮೊದಲು ಕೆಳಗೆ ಕಾಂಕ್ರೀಟ್ ಹಾಕಿಸಿದೆ. ಅದು ಒಂದು ತಿಂಗಳು ಗಟ್ಟಿಯಾಗಿ ಒಣಗಲಿ, ಆಮೇಲೆ ಮೇಲಿನ ಹಾಸು ಎಂದು ಮಾಲತೇಶ ಹೇಳಿಹೋದ.

ಇಲ್ಲಿ ನಾನೊಂದು ಜಾಣತನ ಮಾಡಿದೆ. ಗಿರಿಜಾಗೆ ಕಾಂಕ್ರೀಟಿನ ಸಂಗತಿ ಮಾತ್ರ ಹೇಳಿದೆ, ಮೇಲಿನ ಹಾಸಿನ ಸಂಗತಿ ಹೇಳಲಿಲ್ಲ. ಬಂದಾಗ ಕಣ್ಣರಳಿಸಲಿ ಎಂದು. ನನ್ನ ಜಾಣತನಗಳ ಇತಿಹಾಸ ಬಲ್ಲವರು ಇಲ್ಲಿಯೇ ಎದ್ದು ಹೊರಗೆ ಹೋಗಬಹುದು. ಮುಂದೇನಾಯಿತು ಎಂದು ಅವರು ಊಹಿಸಬಲ್ಲರು.

ಹೊಸ ನೆಲ ಕಂಡರೆ ನೀರು ಹೊಡೆಯುವುದು ನಮ್ಮ ಕಡೆಯವರ ರಕ್ತದಲ್ಲಿದೆ. ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಮನೆಯ ಮುಂದೆ ಸಿಮೆಂಟ್ ಮಾಡಿಸಿದರು. ಮೇಸ್ತ್ರಿ ಹೇಳಿದ, ಮೇಲೆ ಗೋಣಿಚೀಲ ಹಾಸಿ ದಿನಾ ನೀರು ಹಾಕಿ, ಹಸಿ ಆರಬಾರದು. ಬ್ಯಾಡಗಿಯಲ್ಲಿ ಗೋಣಿಚೀಲಕ್ಕೇನು ಬರ. ಅಪ್ಪ ಪೇಟೆಯ ಅಂಗಡಿಯಿಂದ ಇಪ್ಪತ್ತು ಹಳೆಯ ಚೀಲ ತಂದು ಹಾಸಿದರು. ಅವು ಎಷ್ಟು ವರ್ಷ ಮೆಣಸಿನಕಾಯಿ ಹೊತ್ತಿದ್ದವೋ ಶಿವನೇ ಬಲ್ಲ. ಅಪ್ಪ ಝಾಡಿಸಿದ್ದರೆ ಒಂದು ಮಾತು. ನೀರು ಬಿದ್ದ ಮೇಲೆ ಹೇಗೂ ಘಾಟು ಏಳುವುದಿಲ್ಲ ಎಂಬುದು ಅವರ ತರ್ಕ. ಘಾಟು ಏಳಲಿಲ್ಲ, ಇಳಿಯಿತು. ಕೆಂಪು ನೀರು ಗಟಾರ ಹಿಡಿದು ಓಣಿಯುದ್ದ ಹರಿಯಿತು. ಬರಿಗಾಲಲ್ಲಿ ದಾಟಿದವರೆಲ್ಲ ಹತ್ತು ಹೆಜ್ಜೆ ಹೋಗಿ ನಿಂತು, ಕಾಲು ಎತ್ತಿ ಎತ್ತಿ ನೋಡಿಕೊಂಡರು. ಮುಂಜಾನೆ ಸಾಲಿಗೆ ಹೋಗುವ ಮೊದಲು ಎರಡು ಕೊಡ, ಸಂಜೆ ಬಂದು ಎರಡು ಕೊಡ ಹಾಕುವುದು ನನ್ನ ಪಾಲಿನ ಕೆಲಸ. ಹದಿನೈದು ದಿನ ನನ್ನ ಅಂಗಾಲು ಮೆಣಸಿನಕಾಯಿ ಬಜ್ಜಿ. ಅಂಗಳ ಮಾತ್ರ ತಿಳಿಗುಲಾಬಿ ಬಣ್ಣದ್ದಾಗಿ, ಕಲ್ಲಿನಷ್ಟು ಗಟ್ಟಿಯಾಗಿ ನಿಂತಿತು. ಅಪ್ಪ ಬಂದವರಿಗೆಲ್ಲ ಅದನ್ನು ತಟ್ಟಿ ತೋರಿಸುತ್ತಿದ್ದರು. ಎಲ್ಲ ನೀರಿನ ಮಹಿಮೆ.

ಹಾಗೆಂದು ಕಾಯುವುದರಲ್ಲಿ ನಾನು ಹುಟ್ಟಾ ಪಂಡಿತನೇನಲ್ಲ. ಅದಕ್ಕೂ ಮೊದಲು, ಐದಾರು ವರ್ಷದವನಿದ್ದಾಗ, ರಾಣೇಬೆನ್ನೂರಿನ ಸೋದರಮಾವನ ಮನೆಯಲ್ಲಿ ಪಡಸಾಲೆಗೆ ಕೆಂಪು ಸಿಮೆಂಟಿನ ನೆಲ ಮಾಡಿಸಿದ್ದರು. ಹಸಿ ನೆಲದ ಆಚೆ ಗೂಡಿನಲ್ಲಿ ಒಂದು ಶೇಂಗಾ ಉಂಡೆ ಇತ್ತು. ಈಚೆ ನಾನಿದ್ದೆ. ಉಳಿದದ್ದನ್ನು ಆ ನೆಲ ಐವತ್ತು ವರ್ಷ ಹೇಳಿತು. ಹೋಗುವಾಗಿನ ಐದು ಹೆಜ್ಜೆ ಸ್ಪಷ್ಟ. ಬರುವಾಗ ಮಾವ ಎತ್ತಿಕೊಂಡು ಬಂದದ್ದರಿಂದ ಅವರದೂ ಎರಡು ದೊಡ್ಡ ಹೆಜ್ಜೆ. ಮಾವ ಅದನ್ನು ಸರಿಪಡಿಸಲಿಲ್ಲ. ಬಂದ ಬೀಗರಿಗೆಲ್ಲ, "ಇವು ನಮ್ಮ ಅಳಿಯನ ಪಾದ" ಎಂದು ತೋರಿಸಿದರು. ಮುಂದೆ ಹೆಣ್ಣಿನ ಕಡೆಯವರು ಗಿರಿಜಾಳನ್ನು ಅಲ್ಲಿಗೇ ಕರೆತಂದದ್ದರಿಂದ, ಅದೇ ಪಡಸಾಲೆಯಲ್ಲಿ ನನಗೆ ಕನ್ಯೆ ನೋಡುವ ಶಾಸ್ತ್ರವೂ ನಡೆಯಿತು. ತಲೆ ತಗ್ಗಿಸಿ ಕೂತ ಗಿರಿಜಾಗೆ ಮೊದಲು ಕಂಡದ್ದು ನನ್ನ ಮುಖವಲ್ಲ, ಆ ಹೆಜ್ಜೆಗಳು. ಮದುವೆಯಾದ ಎಷ್ಟೋ ವರ್ಷದ ಮೇಲೆ ಹೇಳಿದಳು:

"ನೆಲಾ ಆರೋತನಕ ತಡಕೊಳ್ಳಾಕ ಆಗದ ಮನಷ್ಯಾ ಅಂತ ತಿಳಕೊಂಡು ನಿಮ್ಮನ್ನ ಮಾಡಿಕೊಂಡೆ. ಚುರುಕ ಇರಬೇಕು ಅಂತ. ಆಮ್ಯಾಲೆ ನೋಡಿದ್ರ, ನಲ್ಲಿ ಸೋರಾಕತ್ತಿದ್ರ ಮೂರ ತಿಂಗಳ ಅದನ್ನ ನೋಡಕೋತ ಕುಂದರೂ ಮನಷ್ಯಾ!"

ಇರಲಿ. ವಿಷಯಕ್ಕೆ ಬರೋಣ.

ಕಾಂಕ್ರೀಟ್ ಬಿದ್ದ ದಿನದಿಂದ ಮುಂಜಾನೆ-ಸಂಜೆ ನಮ್ಮ ಅಂಗಳಕ್ಕೆ ನೀರು ಬೀಳುತ್ತಿತ್ತು. ಹೊಡೆಯುತ್ತಿದ್ದವಳು ಪಕ್ಕದ ಮನೆಯ ಖೈರುನ್. ಅವಳ ಗಂಡ ದಾದಾಪೀರ ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಮಶೀನ್ ರಿಪೇರಿ ಮಾಡುತ್ತಾನೆ. ಹನ್ನೆರಡು ವರ್ಷದಿಂದ ಎರಡು ಮನೆಗೂ ನಡುವೆ ಒಂದೇ ಗೋಡೆ, ಅದೂ ಬಟ್ಟಲು ದಾಟಿಸಲು ಅನುಕೂಲವಾಗುವಷ್ಟೇ ಎತ್ತರ. ಖೈರುನ್ ತಾನಾಗಿ ನೀರು ಹೊಡೆಯುತ್ತಾಳೆಂದು ನಾನು ತಿಳಿದಿದ್ದೆ. ಎರಡು ವಾರ ಹೊಡೆದು ನಿಲ್ಲಿಸಿದಳು. ಕಾಂಕ್ರೀಟ್ ಒಣಗಿತು. ಗಿರಿಜಾ ಗುರುವಾರ ಬರುವುದೆಂದು ನಿಶ್ಚಯವಾಯಿತು. ಅವಳು ಬರುವ ಎರಡು ದಿನ ಮೊದಲು, ಮಂಗಳವಾರ, ಮಾಲತೇಶ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ.

ಕೆಲಸ ಬಾಗಿಲ ಕಡೆಯಿಂದ ಶುರುವಾಗಿ ಗೇಟಿನ ಕಡೆಗೆ ಸಾಗಿತು. ಅವರು ಹಿಂದೆ ಸರಿದಂತೆ ನಾನೂ ಹಿಂದೆ ಸರಿದೆ. ಕೈ ಹಿಂದೆ ಕಟ್ಟಿ, ಅಲ್ಲಿ ಇನ್ನಷ್ಟು ಒತ್ತು, ಇಲ್ಲಿ ಉಬ್ಬಿದೆ ಎಂದು ಮೇಲ್ವಿಚಾರಣೆ ಮಾಡುತ್ತ ಮಾಡುತ್ತ ರಸ್ತೆಗೆ ಬಂದು ನಿಂತೆ. ನಾಲ್ಕು ಗಂಟೆಗೆ ಕೊನೆಯ ಕರಣೆ ಎತ್ತಿ ಮಾಲತೇಶ ಗೇಟಿಗೆ ಹಳದಿ ಪಟ್ಟಿ ಕಟ್ಟಿದ.

"ನೋಡ್ರಿ ಸರ. ನಾಳೆ ನಾಕ ಗಂಟೇತನಕ ಯಾರೂ ಕಾಲ ಇಡಂಗಿಲ್ಲ. ಗಾಡಿ ಅಂತೂ ಗುರುವಾರ ನಾಕರ ಮ್ಯಾಲೆ. ಮತ್ತ ನಾಳೆತನಕ ಒಂದ ಹನಿ ನೀರ ಬೀಳಬಾರದು."

"ನೀರು ಹೊಡಿಯೂದ ಬ್ಯಾಡಾ?"

"ಬ್ಯಾಡ್ರಿ! ಸಿಮೆಂಟಿಗೆ ನೀರ ಬಿದ್ರ ಗಟ್ಟಿ ಆಗತೈತಿ. ಇದಕ್ಕ ಹಸೀ ಇದ್ದಾಗ ನೀರ ಬಿದ್ರ ಹಾಲ ಚೆಲ್ಲಿದಂಗ ಬೆಳ್ಳಗಾಗಿ, ಕಲ್ಲು ಕೈಗೆ ಕಿತ್ತ ಬರ್ತಾವು."

"ಆತು. ನಾ ಒಳಗ ಹೆಂಗ ಹೋಗಲಿ?"

ಮಾಲತೇಶ ನನ್ನನ್ನು ನೋಡಿದ. ಅಂಗಳವನ್ನು ನೋಡಿದ. ಅವನ ನಾಲ್ಕು ಜನ ಬೇರೆ ಕಡೆ ನೋಡಿದರು.

"ನೀವು ಒಳಗ ಇರಬೇಕಾಗಿತ್ತಲ್ರಿ ಸರ," ಎಂದ.

ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ. ಅದನ್ನು ಭದ್ರವಾಗಿ ಹಾಕಿದವನು ನಾನೇ. ಚಷ್ಮಾ ಒಳಗೆ, ಬಿಪಿ ಗುಳಿಗೆ ಒಳಗೆ, ಸಂಜೆಗೆಂದು ಮಾಡಿಟ್ಟ ಉಪ್ಪಿಟ್ಟು ಒಳಗೆ. ಕೋರ್ಟಿನಲ್ಲಿ ಎಷ್ಟೋ ಜನರ ಗಡೀಪಾರು ಆದೇಶವನ್ನು ನಾನು ಕೈಯಾರೆ ಬರೆದಿದ್ದೇನೆ. ಸ್ವಂತ ಖರ್ಚಿನಲ್ಲಿ ತನ್ನನ್ನೇ ಗಡೀಪಾರು ಮಾಡಿಕೊಂಡವನನ್ನು ಕಂಡಿರಲಿಲ್ಲ.

ಆದರೂ ಎದೆಗುಂದಲಿಲ್ಲ. ದಾದಾಪೀರ ಕುರ್ಚಿ ಕೊಟ್ಟ, ಲುಂಗಿ ಕೊಟ್ಟ. ಔಷಧ ಅಂಗಡಿಯಿಂದ ಗುಳಿಗೆ ತಂದ. ನಾನು ಒಂದು ರಟ್ಟು ಬೇಡಿ, ದಪ್ಪ ಅಕ್ಷರದಲ್ಲಿ ಪ್ರಕಟಣೆ ಬರೆದು ಗೇಟಿಗೆ ತೂಗುಹಾಕಿದೆ: "ಈ ಮೂಲಕ ಸಮಸ್ತರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ಅಂಗಳದಲ್ಲಿ ಬುಧವಾರ ಸಂಜೆ ನಾಲ್ಕು ಗಂಟೆಯವರೆಗೆ ಮನುಷ್ಯರು, ಜಾನುವಾರುಗಳು, ವಾಹನಗಳು ಹಾಗೂ ಇತರೆ ಯಾವುದೇ ಕಾಲುಳ್ಳ ಅಥವಾ ಚಕ್ರವುಳ್ಳ ವಸ್ತುಗಳು ಪ್ರವೇಶಿಸತಕ್ಕದ್ದಲ್ಲ." ಮೂವತ್ತೆರಡು ವರ್ಷದ ಅನುಭವ ಅದರಲ್ಲಿತ್ತು. ಯಾವ ವಕೀಲನೂ ಸಂದು ಹುಡುಕಲಾರ ಎಂದುಕೊಂಡೆ. ನೀರಿಗೆ ಕಾಲೂ ಇಲ್ಲ, ಚಕ್ರವೂ ಇಲ್ಲ ಎಂಬುದು ಆಗ ಹೊಳೆಯಲಿಲ್ಲ.

ಸಂಜೆಯ ಗಾಳಿ ಸೇವನೆಗೆ ಹೊರಟ ಪಾಟೀಲರು ನಿಂತರು. ಸೇತುವೆ ರಸ್ತೆಗಳನ್ನು ಕಟ್ಟಿಸಿ ನಿವೃತ್ತರಾದ ಇಂಜಿನಿಯರ್. ಗೇಟಿನ ಮೇಲಿಂದ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು.

"ಏನಪಾ ಶಿರಸ್ತೇದಾರಾ, ಹೊಸಾ ಅಂಗಳ ಮಾಡಿ ಒಣಾ ಬಿಟ್ಟೀದಿ? ಸೀಳು ಬಿಡ್ತಾವು. ನೀರು ಹೊಡಸು."

"ಇದಕ್ಕ ನೀರು ಬ್ಯಾಡಂತ ಹೇಳ್ಯಾನ್ರಿ."

"ಯಾರು?"

"ಮಾಡಿದಾವ."

"ಮಾಡಿದಾವಗೇನ ತಿಳೀತೈತಿ? ನಾ ಇಡೀ ಜಿಲ್ಲಾಕ ನೀರು ಹೊಡಿಸೇನಿ!"

ಹೀಗೆ ಹಾದುಹೋದವರಲ್ಲಿ ಐದಾರು ಮಂದಿ ನೀರಿನ ಸಲಹೆ ಕೊಟ್ಟರು. ಕೊಟ್ಟವರಿಗೆಲ್ಲ ನಾನು ಮಾಲತೇಶನ ಮಾತು ವಿವರಿಸಿದೆ. ಸಲಹೆ ಕೊಡದವರಿಗೆ ವಿವರಿಸುವ ಅಗತ್ಯ ಕಾಣಲಿಲ್ಲ. ಖೈರುನ್ ಆ ದಿನ ಬ್ಯಾಡಗಿಯಲ್ಲಿ ತನ್ನ ಅಕ್ಕನ ಮನೆಗೆ ಹೋಗಿದ್ದವಳು ಸಂಜೆ ರೈಲಿಗೆ ಬಂದಳು. ನನ್ನ ಪ್ರಕಟಣೆ ಓದಿದಳು. "ಕಾಲ ಇಡಬಾರದೇನ್ರಿ ಅಣ್ಣಾರ? ಆತ್ರಿ, ನಮ್ಮ ಕೋಳೀಗೂ ಹೇಳತೇನಿ," ಎಂದು ನಕ್ಕಳು. ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದಳು. ನೀರಿನ ಮಾತು ಅವಳು ಎತ್ತಲಿಲ್ಲ. ಹಾಗಾಗಿ ನಾನೂ ಎತ್ತಲಿಲ್ಲ. ಅವರ ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಟ್ಟರು. ಸಂಸಾರ ಬಿಟ್ಟ ಸನ್ಯಾಸಿಯ ಹಾಗೆ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಬೆಳಗಿನ ಆರು ಗಂಟೆಗೆ ಖೈರುನ್ ಚಹಾದ ಕಪ್ಪು ಹಿಡಿದು ನನ್ನನ್ನು ಎಬ್ಬಿಸಿದಳು. ಅವಳ ಮುಖದಲ್ಲಿ ಪರೋಪಕಾರ ಮಾಡಿದವರ ಹೊಳಪಿತ್ತು.

"ಏಳ್ರಿ ಅಣ್ಣಾರ. ನಿಮ್ಮ ಅಂಗಳಕ್ಕ ನೀರ ಹೊಡದ ಬಂದೇನಿ."

ಆ ಚಹಾ ಎಲ್ಲಿ ಹೋಯಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಲುಂಗಿ ಒಂದು ಕೈಯಲ್ಲಿ ಹಿಡಿದು ಬೀದಿಗೆ ಓಡಿದೆ. ಅಂಗಳ ಒದ್ದೆಯಾಗಿ ಮಿರಮಿರ ಮಿಂಚುತ್ತಿತ್ತು. ನೋಡಲು ಬಹಳ ಸುಂದರವಾಗಿತ್ತು.

"ಕಾಲ ಇಟ್ಟಿಲ್ರಿ, ಅಲ್ಲಾನ ಆಣೆ!" ಎಂದು ಖೈರುನ್ ಹಿಂದೆಯೇ ಬಂದಳು. "ನೀವು ಬರದ ಹಾಕೀರಲ್ಲ, ನಾ ಹೊರಗ ನಿಂತ ಪೈಪ ಹಿಡದೇನಿ. ಅರ್ಧಾ ತಾಸು ಹಿಡದ್ರೂ ಒಂದ ಬಟ್ಟಲ ನೀರ ನಿಂದರಲಿಲ್ಲ ನೋಡ್ರಿ. ಎಲ್ಲಿ ಹೋತ್ರಿ ಅಷ್ಟೂ ನೀರು? ನಿಮ್ಮ ಅಂಗಳಕ್ಕ ತಳಾನ ಇಲ್ಲೇನು?"

"ಇದಕ್ಕ ನೀರು ಹೊಡೀಬಾರದವ್ವಾ," ಎಂದೆ.

"ಹಂಗಂದ್ರ? ಗಿರಿಜಕ್ಕ ಹೇಳ್ಯಾಳಲ್ರಿ!"

ಆಗ ಹೊರಬಿತ್ತು. ಮೊದಲ ದಿನದಿಂದ ನೀರು ಹೊಡೆಸುತ್ತಿದ್ದವಳು ಗಿರಿಜಾ. ಕಾಂಕ್ರೀಟ್ ಹಾಕಿದರೆಂದು ತಿಳಿದಾಗಲೇ ಹುಬ್ಬಳ್ಳಿಯಿಂದ ಖೈರುನ್‌ಗೆ ಫೋನ್ ಮಾಡಿದ್ದಳಂತೆ: "ಅವರು ನಾಳೆ ಹೊಡದರಾತು ಅಂತಾರ. ಅಂಗಳ ಸೀಳಿ ಹೋಗತೈತಿ. ನೀನ ಹೊಡಿ ನನ ತಂಗಿ." ಮಂಗಳವಾರ ಬ್ಯಾಡಗಿಯಿಂದ ಬಂದ ಖೈರುನ್, ಅಂಗಳದ ಮೇಲೆ ಮತ್ತೆ ಹೊಸದೇನೋ ಹಾಸಿದ್ದಾರೆ ಎಂದು ಫೋನಿನಲ್ಲಿ ತಿಳಿಸಿದಾಗ, "ಹೊಸಾದು ಹಾಕ್ಯಾರಂದ್ರ ಮತ್ತ ನೀರು ಹೊಡೀಬೇಕಲ್ಲ" ಎಂದು ಇಬ್ಬರೂ ಹೆಂಗಸರು ಸರ್ವಾನುಮತದಿಂದ ನಿರ್ಣಯಿಸಿದ್ದರು.

ಮಾಲತೇಶನಿಗೆ ಫೋನ್ ಮಾಡಿದೆ. ಅವನು ಹಲ್ಲುಜ್ಜುತ್ತಿದ್ದ. ಉಗುಳಿ, ಲೆಕ್ಕ ಹಾಕಿದ.

"ಹದಿನಾಲ್ಕ ತಾಸ ಆಗೇತಿ. ನಿನ್ನೆ ಬಿಸಲ ಚಲೋ ಇತ್ತು. ಅಂಟು ಗಟ್ಟಿ ಆಗಿದ್ರ ನೀರೇನೂ ಮಾಡಂಗಿಲ್ಲ. ಆದ್ರ ನೋಡದ ಹೇಳಾಕ ಬರಂಗಿಲ್ರಿ ಸರ. ಮಧ್ಯಾಹ್ನದತನಕ ಕಾಯ್ರಿ. ಕೆಟ್ಟಿದ್ರ ಅಷ್ಟೊತ್ತಿಗೆ ಬೆಳ್ಳಗ ಕಾಣತೈತಿ. ನಾನೂ ಬರತೇನಿ."

"ಕೆಟ್ಟಿದ್ರ?"

"ಕೆತ್ತಿ ತಗದ ಮತ್ತ ಹಾಕಬೇಕು. ಅಂಟು ಪುಣೆದಿಂದ ಬರಬೇಕು. ಹದಿನೈದ ದಿವಸ ಹಿಡಕೋರಿ."

ಗಿರಿಜಾ ಮರುದಿನ ಬರುವವಳು.

ಎಂಟು ಗಂಟೆಗೆ ಅವಳ ಫೋನ್ ಬಂತು. ದಿನಾ ಬರುತ್ತದೆ. ನಾನು ಮೊದಲು ಹುಬ್ಬಳ್ಳಿಯ ಹವೆ ಕೇಳಿದೆ. ವಿದ್ಯಾಳ ಆರೋಗ್ಯ ಕೇಳಿದೆ. ಇನ್ನೊಂದು ಐದು ನಿಮಿಷ ಸಿಕ್ಕಿದ್ದರೆ ರೈಲ್ವೆ ವೇಳಾಪಟ್ಟಿಯನ್ನೂ ಕೇಳುತ್ತಿದ್ದೆನೋ ಏನೋ. ಅವಳೇ ಕೇಳಿದಳು, "ಖೈರುನ್ ನೀರ ಹೊಡದಾಳೇನ್ರಿ?" ಹೊಡೆದಿದ್ದಾಳೆ ಅಂದೆ. ಆಮೇಲೆ ಉಳಿದದ್ದೆಲ್ಲ ಹೇಳಿದೆ. ರೆಸಿನ್ನು, ಅಂಟು, ಅಚ್ಚರಿಪಡಿಸಬೇಕೆಂಬ ನನ್ನ ಜಾಣತನ, ಗಡೀಪಾರು, ಎಲ್ಲ.

"ಅಂದ್ರ ನಾನ ಹಾಳ ಮಾಡಿದೆ ಅನ್ರಿ."

"ಇಲ್ಲ. ನಾ ಹೇಳದ ಹಾಳ ಮಾಡಿದೆ."

"ಬೈಬೇಕಂದ್ರ ಇಬ್ಬರೂ ಒಂದ ಕಡೆ ಅದೇವಿ," ಎಂದಳು. ನಗಲು ನೋಡಿದಳು, ಆಗಲಿಲ್ಲ. "ಆತು ಬಿಡ್ರಿ. ಹದಿನೈದ ದಿನ ಅಲ್ಲಾ? ನಾ ಏನ ಇಲ್ಲಿ ಉಪವಾಸ ಇಲ್ಲ. ವಿದ್ಯಾ ಚಲೋ ನೋಡಕೋತಾಳ. ಎಲ್ಲಾ ಕೈಗೆ ತಂದ ಕೊಡ್ತಾಳ. ಅದ ಬ್ಯಾಸರ. ನನ್ನ ಮಗಳ ಮನ್ಯಾಗ ನಾ ಊರಿಂದ ಬಂದ ಪಾವಣಿ ಆಗೇನ್ರಿ. ನನ್ನ ಅಡಗಿಮನ್ಯಾಗ ಗೋಡೆ ಹಿಡಕೊಂಡರ ನಿಂದರಬೇಕು ಅನಸೇತಿ, ಅಷ್ಟ. ಬ್ಯಾಗ ತುಂಬಿ ಇಟ್ಟಿದ್ದೆ. ಮತ್ತ ತಗದ ಇಡತೇನಿ."

ತೆಗೀಬೇಡ, ಮಧ್ಯಾಹ್ನದವರೆಗೆ ಹಾಗೇ ಇರಲಿ ಅಂದೆ. ನನ್ನ ಜೀವಮಾನದಲ್ಲಿ ಎಷ್ಟೋ ಮಂದಿಗೆ ಮುಂದಿನ ವಾಯಿದೆ ಹೇಳಿ ಕಳಿಸಿದ್ದೇನೆ. ಬಾಗಿಲ ಹೊರಗೆ ಅವರು ಯಾವ ಮುಖ ಹೊತ್ತು ಹೋಗುತ್ತಿದ್ದರೆಂದು ಎದ್ದು ನೋಡಿರಲಿಲ್ಲ. ಅವತ್ತು ಫೋನ್ ಜೇಬಿಗೆ ಹಾಕಿಕೊಂಡು, ಹನ್ನೊಂದು ಸಲ ವಾಯಿದೆ ಕೊಟ್ಟವನು ನಾಲ್ಕು ತಾಸು ಕಾಯಲು ಕೂತೆ.

ಬಿಳಿ ಬಣ್ಣಕ್ಕೆ ಇಷ್ಟೊಂದು ತರಹ ಇವೆ ಎಂದು ಆ ಮುಂಜಾನೆಯವರೆಗೆ ನನಗೆ ತಿಳಿದಿರಲಿಲ್ಲ. ಬಿಸಿಲು ಏರಿದ ಹಾಗೆ ಅಂಗಳದ ಒಂದೊಂದು ಮೂಲೆಯೂ ಬೆಳ್ಳಗಾದಂತೆ ಕಾಣುವುದು. ಕುರ್ಚಿ ಸರಿಸಿ ನೋಡಿದರೆ ಮೊದಲಿನಂತೆ ಕಂದು. ಚಷ್ಮಾ ಬೇರೆ ಒಳಗಿತ್ತು. ಖೈರುನ್ ನಾಷ್ಟಾ ಮಾಡಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಗೋಡೆಯ ಮೇಲೆ ಅವಳ ತಲೆ ಕಾಣಿಸುತ್ತಿತ್ತು. "ಬೆಳ್ಳಗಾತೇನ್ರಿ ಅಣ್ಣಾರ?" ಇಲ್ಲ ಅಂದರೆ ತಲೆ ಇಳಿಯುತ್ತಿತ್ತು. ದಾದಾಪೀರ ಅಂಗಡಿಗೆ ಹೋಗದೆ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

"ಇಪ್ಪತ್ತೈದ ವರ್ಷಾತು ಲಗ್ನ ಆಗಿ," ಎಂದ, ಹೆಂಡತಿಗೆ ಕೇಳಿಸುವ ಹಾಗೆ. "ನಮ್ಮ ಮನೀ ತುಳಸೀಗಿಡಕ್ಕ ಒಂದ ದಿನ ನೀರ ಹಾಕಿಲ್ಲ ಈಕಿ. ಒಣಗಿ ಕಡ್ಡಿ ಆತು. ನಿಮ್ಮ ಅಂಗಳಕ್ಕ ಅರ್ಧಾ ತಾಸ ಪೈಪ ಹಿಡದಾಳ ನೋಡ್ರಿ."

"ನಿಮ್ಮನೀಗೆ ತುಳಸೀಗಿಡ ಯಾಕೋ?"

"ನೆಗಡಿ ಕಷಾಯಕ್ಕ ಗಿರಿಜಕ್ಕ ಕೊಟ್ಟಿದ್ಲರಿ."

ಗೋಡೆಯ ಆಚೆಯಿಂದ ಒಂದು ಚಮಚೆ ಹಾರಿ ಬಂತು. ಎಚ್ಚರಿಕೆಯಿಂದ ಎಸೆದದ್ದು. ಬೀದಿಯ ಕಡೆಗೇ ಬಿತ್ತು, ಅಂಗಳಕ್ಕೆ ಬೀಳಲಿಲ್ಲ.

ಹನ್ನೊಂದಕ್ಕೆ ಬಾಗಿಲ ಹತ್ತಿರ ನಿಜವಾಗಿ ಬಿಳಿಯದೊಂದು ಕಂಡಿತು. ರೂಪಾಯಿಯಷ್ಟು ಅಗಲ. ದಾದಾಪೀರನಿಗೆ ತೋರಿಸಿದೆ. ಅವನು ಕೈ ಅಡ್ಡ ಹಿಡಿದು ನೋಡಿದ. ಗೋಡೆಯ ಮೇಲಿನ ತಲೆ ಈ ಸಲ ಇಳಿಯಲಿಲ್ಲ. ಮೂವರೂ ಅದನ್ನೇ ನೋಡುತ್ತಿರುವಾಗ ಮಾಡಿನ ಅಂಚಿನಲ್ಲಿ ಕೂತಿದ್ದ ಪಾರಿವಾಳ ಸ್ವಲ್ಪ ಸರಿದು, ಅದರ ಪಕ್ಕದಲ್ಲಿಯೇ ಅಂಥದೇ ಇನ್ನೊಂದು ಹಾಕಿತು. ಪಕ್ಷಿಗಳನ್ನೂ ನಾನು ಪ್ರಕಟಣೆಯಲ್ಲಿ ಸೇರಿಸಿದ್ದೆ, ಆದರೆ ಕಾಲಿನ ಮಟ್ಟಿಗೆ ಮಾತ್ರ. ಒಂದು ಹಕ್ಕಿಯ ಬಗ್ಗೆ ನನಗೆ ಅಷ್ಟು ಕೃತಜ್ಞತೆ ಹುಟ್ಟಿದ್ದು ಅದೇ ಮೊದಲು.

ಹನ್ನೆರಡೂಕಾಲಿಗೆ ಮಾಲತೇಶ ಮೋಟರ್‌ಸೈಕಲ್ ಮೇಲೆ ಬಂದ. ಗೇಟಿನ ಹತ್ತಿರ ಮಂಡಿಯೂರಿ ಕೂತು ಹೆಬ್ಬೆರಳಿನ ಉಗುರಿನಿಂದ ಒತ್ತಿದ. ಕೀಲಿಯ ತುದಿಯಿಂದ ಒಂದು ಕಲ್ಲನ್ನು ಮೀಟಿ ನೋಡಿದ. ಚಪ್ಪಲಿ ಬಿಟ್ಟು, ಒಂದು ಹಲಗೆ ಹಾಸಿ, ಅದರ ಮೇಲೆ ಬಗ್ಗಿ ನಡುವಿನವರೆಗೆ ಹೋಗಿ ಅಲ್ಲಿಯೂ ಮೀಟಿದ. ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಬಿಸಿಲಿಗೆ ಓರೆಯಾಗಿ ನೋಡಿದ. ನಾಡಿ ಹಿಡಿದ ವೈದ್ಯನನ್ನು ಮನೆಮಂದಿ ನೋಡುವ ಹಾಗೆ ನಾವು ಮೂವರೂ ಅವನ ಬೆನ್ನು ನೋಡುತ್ತ ನಿಂತೆವು.

"ಏನೂ ಆಗಿಲ್ರಿ," ಎಂದ, ಎದ್ದು ಮೊಣಕಾಲು ಝಾಡಿಸುತ್ತ. "ಕಲ್ಲ ಅಲಗಾಡವಲ್ದು. ರಾತ್ರ್ಯಾಗ ಗಟ್ಟಿ ಆಗೇತಿ. ನಾ ಒಂದಿನ ಅಂತ ಹೇಳೂದು ಎಲ್ಲಾರಿಗೂ, ಬಿಸಲ ಇದ್ರ ಅರ್ಧಾ ದಿನಕ್ಕ ಆಗಿರತೈತಿ. ನೀರ ಇಳದ ಹೋತಲ್ಲ, ಅದ ಚಲೋ ಆತು. ಹೆಂಗ ಇಳೀತೈತಿ ಅಂತ ಪರೀಕ್ಷಾನೂ ಆತು ನೋಡ್ರಿ."

ಖೈರುನ್ ಗೋಡೆಯ ಆಚೆ ಕೂತುಬಿಟ್ಟಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಗೋಡೆ ಅಡ್ಡವಿದ್ದದ್ದರಿಂದ ಹೇಳಲಾರೆ. ದಾದಾಪೀರ ಹೋಗಿ ನಾಷ್ಟಾ ಬಡಿಸಿದ, ಅಷ್ಟು ಗೊತ್ತು. ನಾನು ಫೋನ್ ತೆಗೆದು ಗಿರಿಜಾಗೆ, "ಬ್ಯಾಗ ತಗದೀ ಏನು?" ಎಂದು ಕೇಳಿದೆ.

"ಇಲ್ಲ," ಎಂದಳು. "ಬಗಲಾಗ ಇಟಗೊಂಡ ಕೂತೇನಿ."

ಸಂಜೆ ನಾಲ್ಕು ಹೊಡೆದ ಮೇಲೆ, ನಾಲ್ಕಕ್ಕೆ ಒಂದು ನಿಮಿಷವೂ ಮೊದಲಲ್ಲ, ನಾನು ಸ್ವಗೃಹ ಪ್ರವೇಶ ಮಾಡಿದೆ. ಉಪ್ಪಿಟ್ಟು ಹಳಸಿತ್ತು.

ಗುರುವಾರ ಹನ್ನೊಂದೂವರೆಗೆ ವಿದ್ಯಾ ಕಾರು ತಂದು ಗೇಟಿನ ಹೊರಗೆ ನಿಲ್ಲಿಸಿದಳು. ಗಾಡಿಗೆ ಇನ್ನೂ ನಾಲ್ಕೂವರೆ ತಾಸು ಅನುಮತಿ ಇರಲಿಲ್ಲ. "ಅಪ್ಪಾ, ಅಲ್ಲಿತನಕ ಅವ್ವ ಖೈರುನ್ ಕಾಕೂ ಮನ್ಯಾಗ ಕುಂದರಲಿ. ನಾಕಕ್ಕ ಬಾಗಿಲತನಕ ಗಾಡಿ ಒಯ್ಯೂಣು," ಎಂದಳು. ಗಿರಿಜಾ ಕಾರಿನ ಬಾಗಿಲು ತಾನೇ ತೆರೆದು ವಾಕರ್ ಕೆಳಗಿಟ್ಟಳು.

"ನಾ ಗಾಡಿ ಅಲ್ಲವಾ. ನಾ ನಡೀತೇನಿ."

ಗೇಟಿನ ಹತ್ತಿರ ಬಂದು ನಿಂತಳು. ಅವಳ ಕಣ್ಣು ಅರಳಲಿಲ್ಲ. ಹಿಂದೆ ಅವಳು ಬಿದ್ದ ಜಾಗ ಎಲ್ಲಿತ್ತು ಎಂದು ಹುಡುಕುತ್ತಿದ್ದಳು. ಕಲ್ಲೇ ಇಲ್ಲದ್ದರಿಂದ ಅದು ಸಿಗಲಿಲ್ಲ. ವಾಕರಿನ ಮುಂಗಾಲಿನಿಂದ ನೆಲವನ್ನು ಎರಡು ಸಲ ಉಜ್ಜಿದಳು.

"ಜಾರತೈತೇನ್ರಿ?"

"ಇಲ್ಲ."

"ನೀವು ಮೊದಲ ನಡದ ತೋರಸ್ರಿ."

ಚಪ್ಪಲಿ ಬಿಟ್ಟು, ನಾನು ಬಾಗಿಲವರೆಗೆ ನಡೆದುಹೋಗಿ ತಿರುಗಿ ಬಂದೆ. ಸಾಲದೆಂದು ಖೈರುನ್ ಒಂದು ತಂಬಿಗೆ ನೀರು ತಂದು, ಈ ಸಲ ಎಲ್ಲರ ಅಪ್ಪಣೆ ಪಡೆದು, ಮುಂದೆ ಚೆಲ್ಲಿದಳು. ನೀರು ಸರಕ್ಕನೆ ಇಳಿದುಹೋಯಿತು. ಒದ್ದೆ ಜಾಗದಲ್ಲಿ ನನ್ನನ್ನು ಇನ್ನೊಮ್ಮೆ ನಡೆಸಿದರು. ಮೂವರು ಹೆಂಗಸರು ನೋಡುತ್ತಿರುವಾಗ ಜಾರದೆ ನಡೆಯುವುದು ಯಾವ ನೆಲದ ಮೇಲೂ ಸುಲಭವಲ್ಲ. ಆದರೂ ನಡೆದೆ.

ಗಿರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಖೈರುನ್ ಹಿಡಿಯಲು ಕೈ ಚಾಚಿದಾಗ, "ಬ್ಯಾಡ, ಬಗಲಾಗ ನಡಿ ಸಾಕು," ಎಂದಳು.

ಗೇಟಿನಿಂದ ಬಾಗಿಲಿಗೆ ನಲವತ್ತು ಅಡಿ. ಅವಳು ಅದನ್ನು ಆರು ನಿಮಿಷದಲ್ಲಿ ನಡೆದಳು. ಬೀಳಲಿಲ್ಲ.